ಎಚ್‌-4 ಇಎಡಿ ಮೇ 14ಕ್ಕೆ ಮುಗಿಯುತ್ತೆ, ಎಚ್‌ಆರ್‌ನವರು ಫೆಬ್ರವರಿಯಲ್ಲಿ ನೋಡೋಣ ಅಂತಾರೆ

ಡಬ್ಲಿನ್‌ಟೀಚರಮ್ಮ
10 ಡಿಸೆಂಬರ್ 2025

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಾವಿರೋದು ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್ ಪಕ್ಕದ ಡಬ್ಲಿನ್‌ನಲ್ಲಿ. ಯಜಮಾನ್ರದ್ದು ಎಚ್‌-1ಬಿ, ಅಂದರೆ ಕೆಲಸದ ವೀಸಾ, ನಂದು ಅವರ ಹೆಂಡತಿ ಅಂತ ಸಿಗೋ ಎಚ್‌-4. ಅವರ ಐ-140, ಅಂದರೆ ಗ್ರೀನ್ ಕಾರ್ಡ್‌ಗೆ ಅಂತ ಕಂಪನಿ ಹಾಕೋ ಅರ್ಜಿ, 2019ರಲ್ಲೇ ಅಪ್ರೂವ್ ಆಗಿದೆ, ಸಾಲಿನಲ್ಲಿ ಜಾಗ ಹಿಡಿದ ಪ್ರಯಾರಿಟಿ ಡೇಟ್ 2018ರದ್ದು. ಭಾರತದವರ ಇಬಿ-2 (ಉನ್ನತ ಪದವಿಯವರ ಗ್ರೀನ್ ಕಾರ್ಡ್ ವಿಭಾಗ) ಸಾಲು ಈ ಡಿಸೆಂಬರ್‌ನಲ್ಲೂ 2013ರಲ್ಲೇ ನಿಂತಿರೋದರಿಂದ ಗ್ರೀನ್ ಕಾರ್ಡ್ ಮಾತು ಬಿಡಿ. ನಾನು ದುಡಿಯೋಕೆ ಆಧಾರ ಅಂತ ಇರೋದು ಇಎಡಿ ಕಾರ್ಡ್ ಒಂದೇ. ಆ ಕಾರ್ಡು, ನನ್ನ ಐ-94 (ಈ ದೇಶದಲ್ಲಿ ಯಾವಾಗಿನವರೆಗೆ ಇರಬಹುದು ಅನ್ನೋ ದಾಖಲೆ), ಅವರ ಎಚ್‌-1ಬಿ, ನನ್ನ ಡ್ರೈವಿಂಗ್ ಲೈಸೆನ್ಸು, ನಾಲ್ಕೂ ಮಾತಾಡಿಕೊಂಡ ಹಾಗೆ 2026ರ ಮೇ 14ಕ್ಕೆ ಮುಗಿಯುತ್ತವೆ.

ನಾನು ಕೆಲಸ ಮಾಡೋದು ಒಂದು ಡೇಕೇರ್‌ನಲ್ಲಿ, ಒಂದೂವರೆ ವರ್ಷದಿಂದ ಎರಡೂವರೆ ವರ್ಷದ ಮಕ್ಕಳ ರೂಮು. ಐಟಿ ಕೆಲಸದಲ್ಲಿರೋರಿಗೆ ಇದು ಚಿಕ್ಕದು ಅನ್ನಿಸಬಹುದು. ಬಿಎಡ್ ಮಾಡಿ ನಾಲ್ಕು ವರ್ಷ ಮನೆಯಲ್ಲಿ ಕೂತು, ಆಮೇಲೆ ಸಿಕ್ಕಿದ ಕೆಲಸ ಇದು. ಓಹಾಯೋದಲ್ಲಿ ಈ ವಯಸ್ಸಿನ ಏಳು ಮಕ್ಕಳಿಗೆ ಒಬ್ಬ ಟೀಚರ್ ಇರಲೇಬೇಕು ಅಂತ ನಿಯಮ. ಎಂಟನೇ ಮಗು ಒಳಗೆ ಬಂದರೆ ಇನ್ನೊಬ್ಬರು ಬೇಕು. ನಾನು ಒಂದು ದಿನ ಹೋಗದಿದ್ದರೆ ಡೈರೆಕ್ಟರ್ ತಾವೇ ಬಂದು ಡೈಪರ್ ಬದಲಾಯಿಸ್ತಾರೆ. ಹೋದ ವಾರ ಅವರೇ ಕರೆದು, "ನಿನ್ನ ಕಾರ್ಡ್ ಮೇ ತಿಂಗಳಲ್ಲಿ ಮುಗಿಯುತ್ತೆ ಅಂತ ನಮ್ಮ ಫೈಲ್ ಹೇಳ್ತಿದೆ, ಏನು ಮಾಡ್ತೀಯ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

2023ರಲ್ಲಿ ರಿನ್ಯೂ ಮಾಡಿದಾಗ ಯಾವ ತಲೆನೋವೂ ಇರಲಿಲ್ಲ. ಯಜಮಾನ್ರ ಕಂಪನಿ ವಕೀಲರು ಅವರ ಎಕ್ಸ್‌ಟೆನ್ಷನ್ ಜೊತೆಗೇ ನನ್ನ ಐ-539 (ಎಚ್‌-4 ಮುಂದುವರಿಸೋ ಅರ್ಜಿ), ಐ-765 (ಇಎಡಿ ಅರ್ಜಿ) ಎರಡನ್ನೂ ಒಂದೇ ಕಟ್ಟಿನಲ್ಲಿ ಇಟ್ಟು, ಬೇಗ ಉತ್ತರ ಬರೋಕೆ ಅವರದ್ದಕ್ಕೆ ಪ್ರೀಮಿಯಂ ದುಡ್ಡು ಹಾಕಿ ಕಳಿಸಿದರು. ಮೂರು ವಾರಕ್ಕೆ ಅವರದ್ದು, ನಂದು ಎಲ್ಲಾ ಒಟ್ಟಿಗೇ ಬಂತು. ಆವಾಗ ಅಷ್ಟು ಸಲೀಸಾಗಿದ್ದಕ್ಕೇ ಈಗ ಯಾರಿಗೂ ಆತುರ ಇಲ್ಲ. ಎಚ್‌ಆರ್ ಮೇಡಂ "ಫೆಬ್ರವರಿ ಕೊನೆಯಲ್ಲಿ ಶುರು ಮಾಡೋಣ" ಅಂತ ಒಂದು ಸಾಲಿನ ಮೇಲ್ ಹಾಕಿ ಸುಮ್ಮನಾಗಿದ್ದಾರೆ. ಯಜಮಾನ್ರೂ "ಆಗುತ್ತೆ ಬಿಡೇ" ಅಂತಾರೆ. ಅವರ ಕೆಲಸಕ್ಕೇನೂ ತೊಂದರೆ ಇಲ್ಲ ನೋಡಿ, ಅರ್ಜಿ ಹಾಕಿ ರಸೀದಿ ಬಂದರೆ ತಾರೀಖು ಮುಗಿದಮೇಲೂ 240 ದಿನ ದುಡೀಬಹುದು. ನಂಗೆ ಆ ಭಾಗ್ಯ ಇದೆಯಾ ಅನ್ನೋದೇ ಮೊದಲನೇ ಪ್ರಶ್ನೆ. ಅಕ್ಟೋಬರ್‌ನಲ್ಲಿ ಏನೋ ನಿಯಮ ಬದಲಾಯ್ತು ಅಂತ ಒಬ್ಬರು ಹೇಳ್ತಾರೆ, ರಿನ್ಯೂವಲ್ ಹಾಕಿದ್ದರೆ ಕಾರ್ಡ್ ಮುಗಿದಮೇಲೂ ದುಡಿಯೋಕೆ 540 ದಿನ ತಾನಾಗೇ ಸಿಗುತ್ತೆ ಅಂತ ಇನ್ನೊಬ್ಬರು ಹೇಳ್ತಾರೆ.

ಎರಡನೇದು, ಫೆಬ್ರವರಿಯಲ್ಲಿ ಮೈಸೂರಲ್ಲಿ ತಂಗಿ ಮದುವೆ. ಹೇಗೂ ಹೋಗ್ತೀನಲ್ಲ, ಹಾಗೇ ಚೆನ್ನೈಗೆ ಹೋಗಿ ಅಮೆರಿಕನ್ ಕಾನ್ಸುಲೇಟಿನಲ್ಲಿ ಹೊಸ ಎಚ್‌-4 ವೀಸಾ ಸ್ಟಾಂಪಿಂಗ್ ಮಾಡಿಸಿಕೊಂಡು ಬಂದರೆ ಬೇಗ ಆಗುತ್ತಾ?

ಮೂರನೇದು, ಕೇಳೋಕೆ ನಾಚಿಕೆ. ಮೇ 15ರಿಂದ ಕಾರ್ಡ್ ಇಲ್ಲ ಅಂದರೆ, ಸಂಬಳ ತಗೊಳ್ಳದೆ ಸುಮ್ಮನೆ ಹೋಗಿ ಮಕ್ಕಳನ್ನ ನೋಡಿಕೊಳ್ಳಬಹುದಾ? ಈ ವಯಸ್ಸಿನ ಮಕ್ಕಳು ಮುಖ ಮರೆತರೆ ಮತ್ತೆ ಹತ್ತಿರ ಬರೋಕೆ ವಾರಗಟ್ಟಲೆ ಅಳ್ತವೆ.

ಪಕ್ಕದ ಅಪಾರ್ಟ್‌ಮೆಂಟಿನ ತಮಿಳು ಹುಡುಗಿ ಎಲ್‌-2, ಅಂದರೆ ತಮ್ಮ ಕಂಪನಿಯೊಳಗೇ ವರ್ಗವಾಗಿ ಇಲ್ಲಿಗೆ ಬಂದವರ ಹೆಂಡತಿ. ಅವಳಿಗೆ ಕಾರ್ಡೇ ಬೇಡವಂತೆ, ಐ-94 ತೋರಿಸಿದರೆ ಸಾಕಂತೆ. ಹೊಟ್ಟೆ ಉರಿಯುತ್ತೆ ಅಂತ ಬರೆದರೆ ತಪ್ಪಾಗುತ್ತಾ?


ಎಡಿಸನ್‌ಗೌಡ
10 ಡಿಸೆಂಬರ್ 2025

ಚಿಂತೆ ಯಾಕೆ ಮೇಡಂ, 540 ದಿನ ಇದೆಯಲ್ಲ. ನನ್ನ ಹೆಂಡತಿ 2024ರಲ್ಲಿ ರಿನ್ಯೂವಲ್ ರಸೀದಿ ತೋರಿಸಿಕೊಂಡೇ ಐದು ತಿಂಗಳು ಕೆಲಸ ಮಾಡಿದಳು. ರಸೀದಿ ಮತ್ತೆ ಹಳೇ ಕಾರ್ಡು ಎರಡೂ ಎಚ್‌ಆರ್‌ಗೆ ಕೊಡಿ, ಮುಗೀತು.


ಹಳೇಗಿರಾಕಿ
11 ಡಿಸೆಂಬರ್ 2025

ಗೌಡ್ರೇ, ದಯವಿಟ್ಟು ಆ ಸಲಹೆ ಈಗ ಯಾರಿಗೂ ಕೊಡಬೇಡಿ. ನಿಮ್ಮ ಮನೆಯವರಿಗೆ ಆಗಿದ್ದು ನಿಜ, ಆದರೆ ಆ ಬಾಗಿಲು ಮುಚ್ಚಿತು. 2025ರ ಅಕ್ಟೋಬರ್ 30 ಅಥವಾ ಆಮೇಲೆ ಹಾಕಿದ ಇಎಡಿ ರಿನ್ಯೂವಲ್‌ಗಳಿಗೆ ತಾನಾಗೇ ಮುಂದುವರಿಯೋ ಸೌಲಭ್ಯ ಇಲ್ಲ. ಕಾರ್ಡ್ ಮೇಲಿನ ತಾರೀಖು ಮುಗಿದ ದಿನ ಕೆಲಸ ನಿಲ್ಲಬೇಕು, ರಸೀದಿ ಕೈಯಲ್ಲಿದ್ದರೂ ಅಷ್ಟೇ. ಅದಕ್ಕೂ ಮೊದಲು ಅರ್ಜಿ ಹಾಕಿ ಕಾಯ್ತಿರೋರಿಗೆ ಮಾತ್ರ ಹಳೇ ನಿಯಮ.

ಇನ್ನೊಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ. 540 ದಿನ ಇದ್ದ ಕಾಲದಲ್ಲೂ ನಮ್ಮಂಥ ಎಚ್‌-4ನವರಿಗೆ ಐ-94 ಇರೋವರೆಗೆ ಮಾತ್ರ ಅದು ಸಿಗ್ತಿತ್ತು. ಕಾರ್ಡೂ ಐ-94 ಕೂಡ ಒಂದೇ ದಿನ ಮುಗಿಯೋರಿಗೆ 540 ಅಂದರೆ ಸೊನ್ನೆ. ಗೌಡ್ರ ಮನೆಯವರ ಐ-94ರಲ್ಲಿ ಮುಂದಿನ ತಾರೀಖು ಇದ್ದಿರಬೇಕು, ಊರಿಗೆ ಹೋಗಿ ಬಂದಿದ್ದರೋ ಏನೋ. ಟೀಚರಮ್ಮ, ನಿಮ್ಮ ಲೆಕ್ಕದಲ್ಲಿ ಆ ನಿಯಮ ಇದ್ದಿದ್ದರೂ ನಿಮಗೆ ಉಪಯೋಗ ಆಗ್ತಿರಲಿಲ್ಲ. ಗಂಡಂದಿರಿಗೆ 240 ದಿನ, ನಮಗೆ ಒಂದು ದಿನವೂ ಇಲ್ಲ. ಹತ್ತು ವರ್ಷದಿಂದ ಇದನ್ನ ನೋಡಿ ನೋಡಿ ನನಗೆ ಸಿಟ್ಟು ಬರೋದೂ ನಿಂತುಹೋಗಿದೆ.

ನಾನು ಈ ಇಎಡಿ ಶುರುವಾದ ವರ್ಷವೇ, ಅಂದರೆ 2015ರ ಮೇ 26ಕ್ಕೆ ನಿಯಮ ಜಾರಿಗೆ ಬಂತಲ್ಲ, ಅದೇ ಬೇಸಿಗೆಯಲ್ಲಿ ಕಾರ್ಡ್ ತಗೊಂಡವಳು. ಈವರೆಗೆ ನಾಲ್ಕು ಸಲ ರಿನ್ಯೂ ಮಾಡಿಸಿದೀನಿ. ಪ್ರತಿ ಸಲ ಆಟದ ನಿಯಮ ಬೇರೆ. ನಿಮ್ಮ 2023ರ ಅನುಭವ ಹೇಗೆ ಆಯ್ತು ಅಂದರೆ, ಆ ವರ್ಷದ ಜನವರಿಯಲ್ಲಿ ಒಂದು ಕೋರ್ಟ್ ಕೇಸಿನಲ್ಲಿ ರಾಜಿ ಆಗಿತ್ತು. ಎಚ್‌-1ಬಿ ಜೊತೆಗೆ ಬಂದ ಎಚ್‌-4, ಇಎಡಿ ಅರ್ಜಿಗಳನ್ನ ಒಟ್ಟಿಗೇ ನೋಡ್ತೀವಿ ಅಂತ ಒಪ್ಪಿದ್ದರು. ಪ್ರೀಮಿಯಂ ದುಡ್ಡು ಗಂಡನಿಗೆ ಕಟ್ಟಿದರೂ ಹೆಂಡತಿಯ ಕಾಗದ ಅದರ ಬೆನ್ನಿಗೇ ಹೋಗ್ತಿತ್ತು. ಆ ರಾಜಿಗೆ ಇದ್ದದ್ದು ಎರಡೇ ವರ್ಷ. 2025ರ ಜನವರಿಗೆ ಮುಗೀತು. ಈಗಲೂ ಅದೃಷ್ಟ ಇದ್ದೋರಿಗೆ ಒಟ್ಟಿಗೆ ಬರುತ್ತೆ, ಆದರೆ ಯಾರೂ ಹಾಗೆ ಮಾಡಲೇಬೇಕು ಅಂತಿಲ್ಲ. ನಿಮ್ಮ ಎಚ್‌ಆರ್ ಮೇಡಂ 2023ರ ಕ್ಯಾಲೆಂಡರ್ ಇಟ್ಟುಕೊಂಡು ಕೂತಿದ್ದಾರೆ. ಅವರಿಗೆ ಹೇಳಬೇಕಾದ್ದು ಇದೊಂದೇ.

ತಾರೀಖು ನೋಡಿ. ಇಎಡಿ ರಿನ್ಯೂವಲ್ 180 ದಿನ ಮೊದಲೇ ಹಾಕಬಹುದು, ನಿಮಗೆ ಅದು ನವೆಂಬರ್ 15. ಎಚ್‌-1ಬಿ ಎಕ್ಸ್‌ಟೆನ್ಷನ್ ಆರು ತಿಂಗಳು ಮೊದಲೇ ಹಾಕಬಹುದು. ಎರಡೂ ದಿನ ಆಗಲೇ ದಾಟಿವೆ. ಕೊಕ್ಕೆ ಇರೋದು ಎಲ್ಲಿ ಅಂದರೆ, ಇಎಡಿ ನಿಂತಿರೋದು ಎಚ್‌-4 ಮೇಲೆ, ಎಚ್‌-4 ನಿಂತಿರೋದು ಎಚ್‌-1ಬಿ ಮೇಲೆ. ಬರೀ ಇಎಡಿ ಒಂದನ್ನೇ ಈಗ ಹಾಕಿದರೆ ಕಾರ್ಡ್ ಬಂದರೂ ಅದರ ಮೇಲೆ ಮತ್ತೆ ಮೇ 14ನೇ ತಾರೀಖೇ ಇರುತ್ತೆ. ಹಾಗಾಗಿ ಮೊದಲು ಅಲುಗಾಡಬೇಕಾದ್ದು ಯಜಮಾನ್ರ ಫೈಲು. ಅದಕ್ಕೆ ಪ್ರೀಮಿಯಂ ಹಾಕಿಸಿ. ಈ 2025ರ ಡಿಸೆಂಬರ್‌ನಲ್ಲಿ ಅದು 2,805 ಡಾಲರ್, 15 ಕೆಲಸದ ದಿನದೊಳಗೆ ಉತ್ತರ ಬರುತ್ತೆ. ನಿಮ್ಮ ಐ-539, ಐ-765ಕ್ಕೆ ಪ್ರೀಮಿಯಂ ಅನ್ನೋದೇ ಇಲ್ಲ, ಆದರೆ ಅವರದ್ದು ಅಪ್ರೂವ್ ಆಗದೆ ನಿಮ್ಮದನ್ನ ಯಾರೂ ಮುಟ್ಟೋಲ್ಲ. ಒಂದು ಲಕ್ಷ ಡಾಲರ್ ಎಚ್‌-1ಬಿ ಶುಲ್ಕದ ಸುದ್ದಿ ಓದಿ ನಿಮ್ಮ ಕಂಪನಿ ಹಿಂದೆಮುಂದೆ ನೋಡ್ತಿದ್ದರೆ, ಇಲ್ಲೇ ಇದ್ದುಕೊಂಡು ಮಾಡಿಸೋ ಎಕ್ಸ್‌ಟೆನ್ಷನ್‌ಗೆ ಅದು ಅನ್ವಯ ಆಗಲ್ಲ ಅಂತ ಅಕ್ಟೋಬರ್‌ನಲ್ಲೇ ಸ್ಪಷ್ಟ ಮಾಡಿದ್ದಾರೆ.

ಕಾಗದದ ಅರ್ಜಿಗೆ ಐ-539ಕ್ಕೆ 470, ಐ-765ಕ್ಕೆ 520 ಡಾಲರ್. ಚೆಕ್ ಬರೆದು ಕಳಿಸಬೇಡಿ, ಅಕ್ಟೋಬರ್ 28ರ ನಂತರ ಕಾಗದದ ಚೆಕ್ ತಗೊಳ್ಳೋದು ನಿಲ್ಲಿಸಿದ್ದಾರೆ. ಕಾರ್ಡ್‌ನಲ್ಲಿ ಕಟ್ಟೋದಾದರೆ ಜಿ-1450 ಫಾರ್ಮ್, ಒಂದೊಂದು ಅರ್ಜಿಗೂ ಬೇರೆ ಬೇರೆ.

ಕಾಗದ ಪತ್ರ ಅಂದರೆ ಅವರ ಐ-797 (ಎಚ್‌-1ಬಿ ಅಪ್ರೂವಲ್ ನೋಟಿಸ್), ಐ-140 ಅಪ್ರೂವಲ್, ನಿಮ್ಮ ಐ-94, ಹಳೇ ಕಾರ್ಡಿನ ಎರಡೂ ಬದಿಯ ಕಾಪಿ, ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್. ಈ ಕೊನೇದರಲ್ಲಿ ನಮ್ಮವರು ಎಡವೋದು ಜಾಸ್ತಿ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕೊಟ್ಟದ್ದು ಕನ್ನಡದಲ್ಲಿದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತೆ, ಇದು ಸರಿಯಾಗಿದೆ" ಅಂತ ಬರೆದು ಸಹಿ ಹಾಕಬೇಕು. ಮೊಹರಿನಲ್ಲಿರೋ ಅಕ್ಷರವನ್ನೂ ಬಿಡಬಾರದು. ಆಮೇಲೆ ಹೆಸರು. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಇನಿಷಿಯಲ್ ಮಾತ್ರ ಇದ್ದ ಕಾಲದ ಹುಡುಗಿ ನಾನು. ಮೊದಲನೇ ಕಾರ್ಡಿನಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬಂತು, ಫಸ್ಟ್ ನೇಮ್ ಅನ್‌ನೋನ್. ಆಫೀಸಿನಲ್ಲಿ ಆರು ತಿಂಗಳು ಎಲ್ಲರೂ ನನ್ನ "ಫ್ನೂ" ಅಂತ ಕರೆದರು.

ಸ್ಟಾಂಪಿಂಗ್ ವಿಚಾರ. ಮೊದಲಾಗಿದ್ದರೆ ನಾನೇ ಹೋಗಿ ಬನ್ನಿ ಅಂತಿದ್ದೆ. ಯಜಮಾನ್ರದ್ದು ಅಪ್ರೂವ್ ಆದಮೇಲೆ ಹೋಗಿ, ಹೊಸ ವೀಸಾ, ಹೊಸ ಐ-94 ಜೊತೆ ಇಳಿದು, ಇಲ್ಲಿ ಬರೀ ಐ-765 ಹಾಕೋದು ಒಳ್ಳೇ ದಾರಿನೇ ಆಗಿತ್ತು. ಈಗ ಸೆಪ್ಟೆಂಬರ್‌ನಿಂದ ಡ್ರಾಪ್‌ಬಾಕ್ಸ್, ಅಂದರೆ ಸಂದರ್ಶನ ಇಲ್ಲದೆ ಕಾಗದ ಕೊಟ್ಟು ವೀಸಾ ಪಡೆಯೋದು, ಬಹುತೇಕ ನಿಂತಿದೆ, ಸಂದರ್ಶನಕ್ಕೆ ಹೋಗಬೇಕು. ಈ ಡಿಸೆಂಬರ್ 15ರಿಂದ ಎಚ್‌-1ಬಿ, ಎಚ್‌-4 ಎಲ್ಲರ ಸೋಷಿಯಲ್ ಮೀಡಿಯಾ ಪರಿಶೀಲನೆ ಅಂತ ಮಾಡಿದ್ದಾರೆ, ಭಾರತದಲ್ಲಿ ಈಗಾಗಲೇ ಅಪಾಯಿಂಟ್‌ಮೆಂಟ್ ಇದ್ದ ಎಷ್ಟೋ ಜನರ ತಾರೀಖನ್ನ ತಿಂಗಳುಗಟ್ಟಲೆ ಮುಂದಕ್ಕೆ ಹಾಕಿದ್ದಾರೆ. ಮದುವೆಗೆ ಅಂತ ಹೋದವರು ತಂಗಿಯ ಸೀಮಂತ ಮುಗಿಸಿಕೊಂಡು ಬರೋ ಹಾಗೆ ಆದೀತು. ಇಲ್ಲಿ ಅರ್ಜಿ ಹಾಕಿ ಆಮೇಲೆ ದೇಶ ಬಿಟ್ಟರೂ ಕಷ್ಟ, ಆ ಐ-539 ಕೆಲಸಕ್ಕೆ ಬಾರದೆ ಹೋಗಬಹುದು, ಅದನ್ನ ನಂಬಿಕೊಂಡ ಇಎಡಿಯೂ ಅದರ ಜೊತೆಗೇ. ವಕೀಲರನ್ನ ಕೇಳದೆ ಟಿಕೆಟ್ ಬುಕ್ ಮಾಡಬೇಡಿ. ಮದುವೆ ವಿಷಯದಲ್ಲಿ ನಾನು ಏನೂ ಹೇಳೋಕೆ ಬರಲ್ಲ, ನನ್ನ ತಮ್ಮನ ಮದುವೆಯನ್ನ ನಾನು ಫೋನಿನಲ್ಲಿ ನೋಡಿದವಳು.

ನಿಮ್ಮ ಮೂರನೇ ಪ್ರಶ್ನೆಗೆ ನಾಚಿಕೆ ಬೇಡ, ಎಲ್ಲರಿಗೂ ಬರೋ ಯೋಚನೆನೇ. ಆದರೆ ಬೇಡ. ಸಂಬಳ ಕೊಟ್ಟು ಮಾಡಿಸೋ ಕೆಲಸವನ್ನ ಸಂಬಳ ಇಲ್ಲದೆ ಮಾಡಿದರೂ ಅದು ಅನುಮತಿ ಇಲ್ಲದ ಕೆಲಸ ಅಂತಲೇ ಲೆಕ್ಕ. ಮುಂದೊಂದು ದಿನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅದೇ ಪ್ರಶ್ನೆ ಇರುತ್ತೆ, ಅಲ್ಲಿ ಸುಳ್ಳು ಬರೆಯೋಕೂ ಆಗಲ್ಲ, ನಿಜ ಬರೆಯೋಕೂ ಆಗಲ್ಲ. ಮೇ 14ರೊಳಗೆ ಐ-539 ಹಾಕಿದ್ದರೆ ನೀವು ಈ ದೇಶದಲ್ಲಿ ಇರೋದಕ್ಕೆ ತೊಂದರೆ ಇಲ್ಲ, ದುಡಿಯೋದಕ್ಕೆ ಮಾತ್ರ ಇಲ್ಲ.

ಎಲ್‌-2ನವರ ಮೇಲೆ ಹೊಟ್ಟೆ ಉರಿ ನನಗೂ ಇದೆ. ಅವರಿಗೆ ಕಾರ್ಡ್ ಬೇಡ ಅಂತ ಆದ 2021ರ ನವೆಂಬರ್‌ನಿಂದ.


ಧಾರವಾಡ್‌ಪೇಢಾ
11 ಡಿಸೆಂಬರ್ 2025

ಅಕ್ಕಾರ, ನಾ ಗಂಡಸು, ಆದ್ರ ಎಚ್‌-4. ಮನ್ಯಾಗ ಎಚ್‌-1ಬಿ ನನ್ನ ಹೆಂಡ್ತೀದು. ಡಾಲಸ್ ಕಡೆ ಇರ್ತೀವಿ, ನಂದು ಒಂದು ಗೋದಾಮಿನ ಲೆಕ್ಕಪತ್ರದ ಕೆಲಸ. ಹಳೇಗಿರಾಕಿ ಅಕ್ಕಾರು ಹೇಳಿದ್ದೆಲ್ಲಾ ಖರೇ ಐತಿ. ನಾ ಹೇಳೋದು ಕಾರ್ಡ್ ಇಲ್ಲದ ದಿನಗೋಳು ಹೆಂಗಿರ್ತಾವ ಅಂತ, ಯಾಕಂದ್ರ ನೀವು ಎಷ್ಟು ಲಗೂ ಹಾಕಿದ್ರೂ ಸ್ವಲ್ಪ ದಿನ ಖಾಲಿ ಬಿದ್ರ ಬೀಳಬಹುದು.

ನಂದು ಕಾರ್ಡೂ ಐ-94ನೂ ಈ ವರ್ಷ ಜೂನ್ 9ಕ್ಕ ಮುಗೀತು. ಹೆಂಡ್ತಿ ಕಂಪನಿಯವ್ರು ಏಪ್ರಿಲ್ ತನಕ ಫೈಲ್ ತಗೀಲೇ ಇಲ್ಲ, ನಾವೂ ಕೇಳ್ಲಿಲ್ಲ. ಹೊಸಾ ಕಾರ್ಡ್ ಕೈಗೆ ಬಂದದ್ದು ಆಗಸ್ಟ್ 20ಕ್ಕ. ನಡಕ 71 ದಿನ. ನಾ ದಿನಾ ಎಣಿಸ್ತಿದ್ದೆ.

ಮೊದಲನೇದು, ರಾಜೀನಾಮೆ ಕೊಡಬ್ಯಾಡ್ರಿ. ಸಂಬಳ ಇಲ್ಲದ ರಜಾ ಕೇಳ್ರಿ. ಹೆಸರು ಅವರ ಪಟ್ಟ್ಯಾಗ ಇರಲಿ, ನೀವು ಮಾತ್ರ ಕೆಲಸ ಮಾಡೂಹಂಗಿಲ್ಲ. ಒಂದು ಮೇಲ್‌ಗೆ ಉತ್ತರಾನೂ ಕೊಡಬ್ಯಾಡ್ರಿ. ನಮ್ಮ ಮ್ಯಾನೇಜರ್ "ಆ ಎಕ್ಸೆಲ್ ಎಲ್ಲಿಟ್ಟಿ?" ಅಂತ ಮೆಸೇಜ್ ಹಾಕಿದಾಗ ಕೈ ಕಟ್ಟಿಕೊಂಡು ಕುಂತಿದ್ದೆ.

ಎರಡನೇದು ಇನ್ಶೂರೆನ್ಸ್. ಮನ್ಯಾಗ ಎಲ್ಲಾರದೂ ನಿಮ್ಮ ಕೆಲಸದ ಮ್ಯಾಲ ಇದ್ರ ಈಗ ಎಚ್ಚರಾಗ್ರಿ. ಇನ್ಶೂರೆನ್ಸ್ ಹೋದ್ರ ಯಜಮಾನ್ರ ಕಂಪನಿಯ ಪ್ಲಾನಿಗೆ ವರ್ಷದ ನಡುವನೂ ಸೇರಬಹುದು, ಆದ್ರ 30 ದಿನದಾಗ ಕೇಳಬೇಕು. ನಾ ಇಪ್ಪತ್ತೆಂಟನೇ ದಿನ ನೆನಪು ಮಾಡ್ಕೊಂಡೆ.

ಮೂರನೇದು, ಹೊಸಾ ಕಾರ್ಡ್ ಬಂದ ಕೂಡಲೇ ಐ-9 (ಕೆಲಸದ ಅನುಮತಿ ಐತಿ ಅಂತ ಕಂಪನಿ ನೋಡೋ ಫಾರ್ಮ್) ಮತ್ತ ಮಾಡಸ್ತಾರ. ಅದಕ್ಕಿಂತ ಮೊದಲ ಒಂದು ತಾಸೂ ಕುಂದ್ರಬ್ಯಾಡ್ರಿ. ಎಕ್ಸ್‌ಪಿಡೈಟ್, ಅಂದ್ರ ನಮ್ಮ ಅರ್ಜಿ ಲಗೂ ನೋಡ್ರಿ ಅಂತ ಕೇಳಬಹುದು, ನಾನೂ ಕೇಳಿದ್ದೆ. "ಕೆಲಸ ಮಾಡಾಕ ಅನುಮತಿ ಬೇಕು" ಅನ್ನೋದೊಂದೇ ಕಾರಣ ಆದ್ರ ಸಾಲಂಗಿಲ್ಲ ಅಂತ ಅವರ ನಿಯಮದಾಗ ಬರದೈತಿ. ನಿಮ್ಮ ಡೇಕೇರ್‌ನವ್ರು ತಮಗ ದೊಡ್ಡ ನಷ್ಟ ಆಕ್ಕೈತಿ ಅಂತ ಲೆಕ್ಕ ಸಹಿತ ಪತ್ರ ಕೊಟ್ರ ಬ್ಯಾರೆ ಮಾತು.

ಆ 71 ದಿನ ನಾ ಏನ್ ಮಾಡಿದೆ ಅಂದ್ರ ಜೋಳದ ರೊಟ್ಟಿ ಬಡಿಯೋದು ಕಲ್ತೆ. ನಮ್ಮವ್ವ ವಿಡಿಯೋದಾಗ ನೋಡಿ ನಕ್ಕು ನಕ್ಕು ಸಾಕಾಗಿದ್ಲು. ಈಗ್ಲೂ ಅಂಚು ಒಡೀತಾವ.


ಎಡಿಸನ್‌ಗೌಡ
12 ಡಿಸೆಂಬರ್ 2025

ಹಳೇಗಿರಾಕಿ ಮೇಡಂ, ನಿಮ್ಮ ಮಾತು ಸರಿ. ಮನೆಯವಳ ಹಳೇ ಐ-94 ತೆಗೆದು ನೋಡಿದೆ. ಅವಳು 2023ರ ಕೊನೆಯಲ್ಲಿ ಬೆಂಗಳೂರಿಗೆ ಹೋಗಿ ಬಂದಿದ್ದಳು, ಅದರಲ್ಲಿ 2026ರ ತಾರೀಖು ಇತ್ತು. ಟೀಚರಮ್ಮ ಕ್ಷಮಿಸಿ, ನಾನು ತಿಳಿಯದೆ ಹೇಳಿಬಿಟ್ಟೆ.


ಡಬ್ಲಿನ್‌ಟೀಚರಮ್ಮ
9 ಜನವರಿ 2026

ಗೌಡ್ರೇ, ಪರವಾಗಿಲ್ಲ. ನೀವು ಆ 540 ಹೇಳದಿದ್ದರೆ ಇಷ್ಟು ವಿವರ ಹೊರಗೆ ಬರ್ತಿರಲಿಲ್ಲ.

ನಡೆದದ್ದು ಹೇಳ್ತೀನಿ. ಎಚ್‌ಆರ್‌ಗೆ ನಾನು ಅಳುಮುಂಜಿ ಮೇಲ್ ಹಾಕಲಿಲ್ಲ. ಯಜಮಾನ್ರ ಕೈಲಿ ಎರಡೇ ವಾಕ್ಯ ಬರೆಸಿದೆ. ಒಟ್ಟಿಗೆ ನೋಡೋ ರಾಜಿ 2025ರ ಜನವರಿಗೆ ಮುಗಿದಿದೆ, ರಿನ್ಯೂವಲ್ ರಸೀದಿ ಮೇಲೆ ಕೆಲಸ ಮಾಡೋದು ಅಕ್ಟೋಬರ್ 30ಕ್ಕೆ ನಿಂತಿದೆ ಅಂತ. ಆ ಮೇಡಂಗೆ ಎರಡೂ ಗೊತ್ತಿರಲಿಲ್ಲವಂತೆ. ಮಾರನೇ ದಿನವೇ ವಕೀಲರಿಂದ ಪ್ರಶ್ನೆಪಟ್ಟಿ ಬಂತು. ಕ್ರಿಸ್‌ಮಸ್ ರಜೆಯಲ್ಲಿ ಕೂತು ಎಲ್ಲಾ ತುಂಬಿಸಿದ್ವಿ, ಜನವರಿ 6ಕ್ಕೆ ಮೂರೂ ಅರ್ಜಿ ಹೋದವು. ಅವರದ್ದಕ್ಕೆ ಪ್ರೀಮಿಯಂ ಕಂಪನಿಯೇ ಕಟ್ಟಿತು. ನನ್ನ 990 ಡಾಲರ್ ಮತ್ತೆ ವಕೀಲರ ಫೀಸು ನಮ್ಮದು. ಮದುವೆ ಸರ್ಟಿಫಿಕೇಟ್ ತೆಗೆದು ನೋಡಿದರೆ ಹಳೇ ಅನುವಾದದಲ್ಲಿ ಮೊಹರಿನ ಅಕ್ಷರ ಬಿಟ್ಟೇ ಹೋಗಿತ್ತು. ಗೆಳತಿ ಹತ್ತಿರ ಹೊಸದಾಗಿ ಮಾಡಿಸಿದೆ.

ಮದುವೆಗೆ ಹೋಗ್ತಿಲ್ಲ. ತಂಗಿ ಫೋನಿನಲ್ಲಿ "ಸರಿ ಬಿಡಕ್ಕ" ಅಂತ ಅಷ್ಟೇ ಹೇಳಿದಳು, ಅಮ್ಮ ಎರಡು ದಿನ ಮಾತಾಡಲಿಲ್ಲ. ಧಾರೆಗೆ ಅಂತ ತೆಗೆದ ಸೀರೆಯನ್ನ ಪೋಸ್ಟ್‌ನಲ್ಲಿ ಕಳಿಸಬೇಡಿ, ಅಲ್ಲೇ ಇರಲಿ ಅಂದಿದೀನಿ.

ಡೈರೆಕ್ಟರ್ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೇ 15ಕ್ಕೆ ಕಾರ್ಡ್ ಇರಬಹುದು, ಇಲ್ಲದೆಯೂ ಇರಬಹುದು ಅಂತ. ಅವರು ಏಪ್ರಿಲ್‌ನಿಂದಲೇ ಒಬ್ಬ ಬದಲಿ ಟೀಚರನ್ನ ನನ್ನ ರೂಮಿಗೆ ಹಾಕ್ತಾರಂತೆ, ನಾನು ಇರೋವಾಗಲೇ ಮಕ್ಕಳಿಗೆ ಅವಳ ಮುಖ ಅಭ್ಯಾಸ ಆಗಲಿ ಅಂತ. ಬುದ್ಧಿವಂತ ಹೆಂಗಸು. ಕೇಳಿ ಸಮಾಧಾನವೂ ಆಯ್ತು, ಒಳಗೆ ಒಂಥರಾ ಕಸಿವಿಸಿಯೂ ಆಯ್ತು.

ಇನ್ಶೂರೆನ್ಸ್ ನೋಡಿದೆ, ಪುಣ್ಯಕ್ಕೆ ಮಗನದ್ದು ಮತ್ತೆ ನಂದು ಎರಡೂ ಯಜಮಾನ್ರ ಕಡೆಯೇ ಇದೆ. ಲೈಸೆನ್ಸ್‌ಗೆ ರಸೀದಿಗಳನ್ನ ತಗೊಂಡು ಬಿಎಂವಿ ಆಫೀಸಿಗೆ ಹೋಗಿ ಕೇಳಬೇಕು, ಅದಿನ್ನೂ ಮಾಡಿಲ್ಲ.

ಧಾರವಾಡದ ಅಣ್ಣಾವ್ರೇ, ಒಂದೇ ಪ್ರಶ್ನೆ. ಆ ಸಂಬಳ ಇಲ್ಲದ ರಜೆ ಪತ್ರದಲ್ಲಿ ವಾಪಸ್ ಬರೋ ತಾರೀಖು ಹಾಕಿಸಿದ್ರಾ, ಇಲ್ಲ ಖಾಲಿ ಬಿಟ್ಟಿದ್ರಾ?


ಧಾರವಾಡ್‌ಪೇಢಾ
9 ಜನವರಿ 2026

ತಾರೀಖು ಹಾಕಸಬ್ಯಾಡ್ರಿ ಅಕ್ಕಾರ, ಖಾಲೀನೂ ಬಿಡಬ್ಯಾಡ್ರಿ. "ಹೊಸಾ ಕಾರ್ಡ್ ತೋರಿಸಿದ ಮ್ಯಾಲ" ಅಂತ ಬರಸ್ರಿ. ನಮ್ಮವ್ರು ಜುಲೈ 1 ಅಂತ ಹಾಕಿದ್ರು. ಅವತ್ತು ನಾ ಬರಲಿಲ್ಲ ಅಂತ ಅವರ ಕಂಪ್ಯೂಟರ್ ತಾನ ನನ್ನ ಹೆಸರು ತಗದು ಒಗದಿತ್ತು. ಆಗಸ್ಟ್‌ನಾಗ ಕಾರ್ಡ್ ಹಿಡಕೊಂಡು ಹೋದ್ರ ಗೇಟಿನ ಬ್ಯಾಜ್ ಕೆಂಪು ದೀಪ ತೋರಸ್ತು.